ಸುದ್ದಿಯಮ್ಮನ ಮೂವತ್ತೊಂದು ಗಂಟು

ನಮ್ಮ ಅತ್ತೆಯ ಹತ್ತಿರ ಮದ್ದಿಗೆಂದು ಸೊಪ್ಪು ಕೊಂಡವರು ದುಡ್ಡು ಕೊಟ್ಟು ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಅಡುಗೆಗೆ ಕೊಂಡವರು ಹೋಗಲಿ, ಅವರ ಪಾಡು ಅವರಿಗೆ. ಮದ್ದಿಗೆ ಕೊಂಡವರು ಮಾತ್ರ ನಾಲ್ಕೈದು ದಿನದೊಳಗೆ ತಿರುಗಿ ಬಂದು ಏನಾಯಿತು ಎಂದು ಹೇಳಲೇಬೇಕು. ಕೆಮ್ಮು ಇಳಿಯಿತೋ, ಹೆಚ್ಚಾಯಿತೋ, ಇದ್ದ ಹಾಗೇ ಇದೆಯೋ. ಎಷ್ಟನೇ ದಿನಕ್ಕೆ ಇಳಿಯಿತು, ಊಟಕ್ಕೆ ಮುಂಚೆ ಕುಡಿದರೋ ಆಮೇಲೋ. ಅದನ್ನೂ ಕಿವಿಯಲ್ಲಿ ಪಿಸುಗುಟ್ಟುವಂತಿಲ್ಲ. ಅಂಗಡಿಯ ಮುಂದೆ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಬೇಕು. ಸುದ್ದಿ ತಾರದವರಿಗೆ ಎರಡನೇ ಸಲ ಮದ್ದಿನ ಸೊಪ್ಪು ಇಲ್ಲ. ಎಷ್ಟು ಗೋಗರೆದರೂ ಇಲ್ಲ. ಹಾಗಾಗಿ ಮಾರುಕಟ್ಟೆಯಲ್ಲಿ ಅವರಿಗೆ ಸುದ್ದಿಯಮ್ಮ ಎಂದೇ ಹೆಸರು ಬಿದ್ದಿತ್ತು.

ನಾನು ಅದೇ ರಸ್ತೆಯ ಕೊನೆಯಲ್ಲಿರುವ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಪ್ರತಿ ಡಬ್ಬಿಯ ಮೇಲೂ ಹೆಸರು, ತಯಾರಾದ ತಾರೀಕು, ಕೆಡುವ ತಾರೀಕು. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಅಂಗಡಿಯನ್ನು ನೋಡಿ ನನಗೆ ಮೈಯೆಲ್ಲಾ ಉರಿಯುತ್ತಿತ್ತು. ತಗಡಿನ ಮಾಡು, ಕಲ್ಲಿನ ಕಟ್ಟೆ, ಒದ್ದೆ ಗೋಣಿಚೀಲದ ಮೇಲೆ ಹಸಿ ಸೊಪ್ಪು. ತಲೆಯ ಮೇಲೆ ಅಡ್ಡಕ್ಕೆ ಕಟ್ಟಿದ ಹಗ್ಗದಲ್ಲಿ ಒಣಸೊಪ್ಪಿನ ಮೂವತ್ತೊಂದು ಗಂಟುಗಳು. ಎಲ್ಲವೂ ಒಂದೇ ಹಳೆಯ ಬಿಳಿ ದುಪ್ಪಟಿಯನ್ನು ಹರಿದು ಕಟ್ಟಿದವು. ಒಳಗಿನ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿ ಪುಡಿಮಾಡಿದ್ದರಿಂದ ಎಲ್ಲದಕ್ಕೂ ಒಂದೇ ಬಣ್ಣ, ಮಾಸಿದ ಹಸಿರು. ಒಂದರ ಮೇಲೂ ಒಂದಕ್ಷರವಿಲ್ಲ.

"ಅತ್ತೆ, ಚೀಟಿ ಅಂಟಿಸಿ ಕೊಡ್ಲಾ?" ಎಂದು ಒಂದು ಸಲ ಕೇಳಿದ್ದೆ.

"ನಂಗೆ ಓದೋಕೆ ಬರಲ್ಲ, ಸೊಪ್ಪಿಗೂ ಬರಲ್ಲ. ಚೀಟಿ ಯಾರಿಗೆ?" ಎಂದಿದ್ದರು.

ಅವರ ಪದ್ಧತಿಯೇ ಬೇರೆ. ಗಂಟು ಬಿಚ್ಚಿ, ಒಂದು ಚಿಟಿಕೆ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ತೀಡಿ, ಕಣ್ಣು ಮುಚ್ಚಿ ಮೂಸಿ, ತಲೆಯಾಡಿಸಿ ಆಮೇಲೆ ಕಟ್ಟಿಕೊಡುವುದು. ಮೂಸದೆ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ನನ್ನ ಉರಿ ಇಳಿದದ್ದು ಅವರ ಲೆಕ್ಕಾಚಾರ ಕೇಳಿದ ಮೇಲೆ. ಒಂದು ದಿನ ಬಾಣಂತಿಯೊಬ್ಬಳು ಹಾಲು ಸಾಲದು ಎಂದು ಸಬ್ಬಸಿಗೆ ಸೊಪ್ಪು ಕೇಳಲು ಬಂದಳು. ಅತ್ತೆ ಕೊಡುತ್ತಾ ಹೇಳಿದರು: "ನೋಡಮ್ಮ, ಹೋದ ವರ್ಷದಿಂದ ಇದನ್ನ ಹನ್ನೊಂದು ಜನ ತಗೊಂಡಿದ್ದಾರೆ. ಏಳು ಜನ ಹಾಲು ಹೆಚ್ಚಾಯ್ತು ಅಂದ್ರು. ನಾಲ್ಕು ಜನ ಏನೂ ಆಗಿಲ್ಲ ಅಂದ್ರು. ಆ ಏಳು ಜನದಲ್ಲಿ ಐದು ಜನ ಮನೇಲಿ ಅಮ್ಮನೋ ಅಕ್ಕನೋ ಇದ್ದು ನಿದ್ದೆ ಮಾಡಿದೋರು. ಹಾಗಾಗಿ ಹೆಚ್ಚಾಗಿದ್ದು ಸೊಪ್ಪಿಂದಲೋ ನಿದ್ದೆಯಿಂದಲೋ ನಂಗೆ ಗೊತ್ತಿಲ್ಲ. ನೀನು ಎರಡನ್ನೂ ಮಾಡು. ಮಗು ತೂಕ ಏರದಿದ್ರೆ ಡಾಕ್ಟರಿಗೆ ತೋರಿಸು. ಬಂದು ಸುದ್ದಿ ಹೇಳು."

ನಾನು ಬೆರಗಾಗಿ ನಿಂತೆ. ನಮ್ಮ ಔಷಧಿ ಅಂಗಡಿಯ ಯಜಮಾನರು ಯಾವತ್ತೂ ಯಾರಿಗೂ 'ನನಗೆ ಗೊತ್ತಿಲ್ಲ' ಎಂದದ್ದು ನಾನು ಕೇಳಿಲ್ಲ.

ಎದೆನೋವು ಎಂದು ಪುದೀನ ಕೇಳಲು ಬಂದ ಬಡಗಿಯೊಬ್ಬರನ್ನು ಅತ್ತೆ ಬೈದು, ತಾವೇ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದದ್ದೂ ಉಂಟು. ಬಡಗಿ ಬದುಕಿಕೊಂಡರು. ತಿಂಗಳಾದ ಮೇಲೆ ಬಂದು, "ಸುದ್ದಿ ಹೇಳೋಣ ಅಂತ ಬಂದೆ, ಸೊಪ್ಪು ಕೊಡದೇ ಇದ್ದಿದ್ದು ಚೆನ್ನಾಗಿ ಕೆಲಸ ಮಾಡ್ತು" ಎಂದರು. ಅತ್ತೆ ಅದನ್ನೂ ನೆನಪಿನಲ್ಲಿ ಸೇರಿಸಿಟ್ಟುಕೊಂಡರು.

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಈ ಹೆಂಗಸಿಗೆ ಮಾತ್ರ ಆ ಮಾತನ್ನು ಕೇಳಿ ಸುಮ್ಮನಿರಲು ಆಗುತ್ತಿರಲಿಲ್ಲ. "ಮದ್ದು ಹೌದೋ ಅಲ್ವೋ ಒಂದೊಂದಾಗಿ ಕೇಳ್ಬೇಕು. ಗಿಡಾನೂ ಕೇಳ್ಬೇಕು, ತಿಂದೋರನ್ನೂ ಕೇಳ್ಬೇಕು" ಎನ್ನುತ್ತಿದ್ದರು.

ನಾನು ಬಸುರಿಯಾಗಿ ನಾಲ್ಕನೇ ತಿಂಗಳು ನಡೆಯುತ್ತಿದ್ದಾಗ ಒಬ್ಬ ಬಸ್ ಡ್ರೈವರನ ಪ್ರಕರಣವಾಯಿತು. ದಿನವಿಡೀ ಕೂತು ಕೂತು ಹೊಟ್ಟೆ ಕಟ್ಟಿಕೊಂಡಿದೆ ಎಂದು ಆತ ಅತ್ತೆಯ ಹತ್ತಿರ ಸೋನಾಮುಖಿ ಕೊಂಡಿದ್ದ. ಹೊಟ್ಟೆ ಸಡಿಲಿಸುವುದಕ್ಕೆ ಅದು ಹೆಸರುವಾಸಿ. ಐದನೇ ದಿನ ಬೆಳಿಗ್ಗೆ ಹತ್ತಕ್ಕೆ, ಮಾರುಕಟ್ಟೆ ತುಂಬಿರುವ ಹೊತ್ತಿನಲ್ಲಿ, ಆತ ಸುದ್ದಿ ಹೇಳಲು ಬಂದ. ನಾನು ಅಂದು ರಜೆಯಲ್ಲಿದ್ದು ಅತ್ತೆಗೆ ತಿಂಡಿ ತಂದುಕೊಟ್ಟು ಅಲ್ಲೇ ನಿಂತಿದ್ದೆ.

"ಸುದ್ದಿಯಮ್ಮ, ಹೇಳೋಕೆ ನಾಚಿಕೆ ಆಗುತ್ತೆ. ಆದ್ರೆ ನಿಮ್ಮ ನಿಯಮ ನಿಮ್ಮದು," ಎಂದ. "ಮೊದಲು ದಿನಕ್ಕೊಂದು ಸಲವಾದ್ರೂ ಪ್ರಯತ್ನ ಮಾಡ್ತಿದ್ದೆ. ನಿಮ್ಮ ಪುಡಿ ಕುಡಿದ ಮೇಲೆ ಪೂರ್ತಿ ಬೀಗ. ಐದು ದಿನ. ಕೀಲಿಕೈ ನಿಮ್ಮ ಹತ್ರಾನೇ ಇದ್ಯೇನೋ ಅಂತ ಬಂದೆ."

ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಮೊಟ್ಟೆ ಅಂಗಡಿಯವನು ಕೂತಲ್ಲಿಂದ ಎದ್ದು ನಿಂತು ನಕ್ಕ. ಅತ್ತೆ ನಗಲಿಲ್ಲ. ಆತ ಕುಡಿದು ಉಳಿದ ಪುಡಿಯನ್ನು ಕೇಳಿ ಪಡೆದು, ನಾಲಿಗೆಯ ತುದಿಗೆ ಇಟ್ಟುಕೊಂಡರು. ಅವರ ಮುಖದ ಬಣ್ಣ ಹೋಯಿತು. ಅದು ಸೀಬೆ ಚಿಗುರಿನ ಪುಡಿ. ಭೇದಿಯಾದವರಿಗೆ ಕೊಡುವಂಥದ್ದು, ಹೊಟ್ಟೆಯನ್ನು ಇನ್ನೂ ಕಟ್ಟುವಂಥದ್ದು.

"ತಪ್ಪು ನಂದು. ಬೇರೆ ಗಂಟು ಕೊಟ್ಟೆ," ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆಯೇ. "ಈಗ ಯಾವ ಸೊಪ್ಪೂ ಬೇಡ. ಈ ಹುಡುಗಿ ಅಂಗಡಿಗೆ ಹೋಗಿ ಔಷಧಿ ತಗೋ." ಆಮೇಲೆ ಎದ್ದು ಒಂದೊಂದಾಗಿ ಮೂವತ್ತೊಂದು ಗಂಟನ್ನೂ ಹಗ್ಗದಿಂದ ಇಳಿಸಿ ಚೀಲಕ್ಕೆ ತುಂಬಿದರು. ಹಸಿ ಸೊಪ್ಪನ್ನು ಮೊಟ್ಟೆಯವನಿಗೆ ವಹಿಸಿ, ಹಾಡಹಗಲಿನಲ್ಲಿ ಅಂಗಡಿ ಬಿಟ್ಟು ಮನೆಗೆ ಹೊರಟರು. ನಾನು ಹಿಂದೆಯೇ ಓಡಿದೆ.

ಅವರು ಮನೆಯ ಕಡೆ ತಿರುಗದೆ ರಸ್ತೆ ತಿರುವಿನ ಕಸದ ತೊಟ್ಟಿಯ ಹತ್ತಿರ ನಿಂತರು. ಚೀಲ ಎತ್ತಿದರು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಹಾಗೆ ಇಬ್ಬರೂ ಜಗ್ಗಿದೆವು. ನನಗೂ ಸಿಟ್ಟು ಬಂದಿತ್ತು. ಒಂದು ತಪ್ಪಿಗೆ ನಲವತ್ತು ವರ್ಷದ ಕೆಲಸವನ್ನು ತೊಟ್ಟಿಗೆ ಸುರಿಯುವುದು ಯಾವ ನ್ಯಾಯ?

"ಬಿಡೇ," ಎಂದರು. "ನಂಗೆ ವಾಸನೆ ಬರಲ್ಲ."

ಅರ್ಥವಾಗದೆ ಅವರ ಮುಖ ನೋಡಿದೆ.

"ಆ ಜ್ವರ ಬಂದಿತ್ತಲ್ಲ, ಹತ್ತು ದಿನ ಮೂಗು ಕಟ್ಟಿಕೊಂಡು ಮಲಗಿದ್ದೆ. ಜ್ವರ ಹೋಯ್ತು, ಮೂಗು ಬಿಟ್ಟುಕೊಳ್ತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಏಳು ವಾರ ಆಯ್ತು. ಬೆಂಕಿ ಹೊಗೆ ಗೊತ್ತಾಗಲ್ಲ, ಹಾಲು ಒಡೆದ್ರೆ ಗೊತ್ತಾಗಲ್ಲ. ಡಾಕ್ಟರ್ ನೋಡಿದ್ರು. ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂದ್ರು."

ಹಾಗಾದರೆ ಏಳು ವಾರದಿಂದ ಆ ಚಿಟಿಕೆ, ಆ ಕಣ್ಣು ಮುಚ್ಚುವುದು, ಆ ತಲೆಯಾಡಿಸುವುದು ಎಲ್ಲ ಬರೀ ಶಾಸ್ತ್ರಕ್ಕೆ. ಯಾವ ಗಂಟು ಹಗ್ಗದಲ್ಲಿ ಎಷ್ಟನೆಯದು ಎಂಬ ನೆನಪಿನ ಮೇಲೆ ದಿನ ದೂಡಿದ್ದರು. ಹೋದ ವಾರ ಅವರ ಮಗ, ಅಂದರೆ ನನ್ನ ಗಂಡ, ಅಂಗಡಿಗೆ ಹೊಸ ಬಲ್ಬು ಹಾಕಲು ಗಂಟುಗಳನ್ನೆಲ್ಲ ಇಳಿಸಿ, ತಂತಿ ಎಳೆದು, ಕೈಗೆ ಸಿಕ್ಕ ಹಾಗೆ ತಿರುಗಿ ಕಟ್ಟಿದ್ದ. ಅವನಿಗೇನು ಗೊತ್ತು ಪಾಪ, ಎಲೆಕ್ಟ್ರಿಷಿಯನ್. ಬೆಳಕು ಚೆನ್ನಾಗಿ ಬಂತಲ್ಲ ಎಂದು ಖುಷಿಯಲ್ಲಿದ್ದ.

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?" ಎಂದು ರೇಗಿದೆ.

"ಎಲ್ಲರ ಹೊಟ್ಟೆ ಸುದ್ದೀನೂ ಕೇಳ್ದೋಳು, ನನ್ನ ಮೂಗಿನ ಸುದ್ದಿ ಹೇಳೋಕೆ ನಾಚಿಕೆ ಆಯ್ತು ಕಣೇ." ಚೀಲವನ್ನು ಕೆಳಗಿಟ್ಟರು. "ವ್ಯಾಪಾರ ಹೋದ್ರೆ ಹೋಗ್ಲಿ. ನಿಂಗೆ ಮಗು ಆಗೋ ಹೊತ್ತಿಗಾದ್ರೂ ವಾಸನೆ ಬರುತ್ತಾ ಅಂತ ದಿನಾ ಎದ್ದು ಮೂಸಿ ನೋಡ್ತೀನಿ. ಎಳೆಮಗೂನ ಮೂಸದೇ ಎತ್ತಿಕೊಳ್ಳೋದು ಹೇಗೆ ಅಂತಾನೇ ನಂಗೆ ಗೊತ್ತಿಲ್ಲ."

ಆ ಮಾತು ಕೇಳಿ ನನ್ನ ಸಿಟ್ಟು ಜರ್ರನೆ ಇಳಿಯಿತು. ಅಲ್ಲೇ, ಕಸದ ತೊಟ್ಟಿಯ ಪಕ್ಕ ನಿಂತು, ನನಗೆ ಹೊಳೆದದ್ದು ಇಷ್ಟೇ: ನನ್ನ ಮೂಗು ಆಗ ಮೂರು ಜನರ ಕೆಲಸ ಮಾಡುತ್ತಿತ್ತು. ಬಸುರಿಯಾದಾಗಿನಿಂದ ಎದುರು ಮನೆಯಲ್ಲಿ ಈರುಳ್ಳಿ ಹೆಚ್ಚಿದರೆ ನನಗೆ ಇಲ್ಲಿ ವಾಂತಿ. ಆ ತೊಟ್ಟಿಯ ಹತ್ತಿರ ಅಷ್ಟು ಹೊತ್ತು ನಿಂತದ್ದೇ ದೊಡ್ಡ ಸಾಹಸ.

"ಅತ್ತೆ, ನನ್ನ ಮೂಗು ಇದೆಯಲ್ಲ," ಎಂದೆ.

ಮಾರನೆಯ ದಿನ ಮಧ್ಯಾಹ್ನದಿಂದ ಕೆಲಸ ಶುರುವಾಯಿತು. ಅಡುಗೆಮನೆಯ ನೆಲದ ಮೇಲೆ ಗಂಟುಗಳನ್ನು ಸಾಲಾಗಿ ಇಟ್ಟುಕೊಂಡು ಎದುರುಬದುರು ಕೂತೆವು. ನಿಯಮ ಅತ್ತೆಯದೇ. ನಾನು ಮೂಸಿ ಹೇಳಬೇಕು. ಅವರು ಒಂದು ಕಣವನ್ನು ನಾಲಿಗೆಗೆ ಮುಟ್ಟಿಸಿ ಉಗುಳಿ, ಕಹಿಯೋ ಹುಳಿಯೋ ಒಗರೋ ಎಂದು ನೋಡುತ್ತಾರೆ. ನಾಲಿಗೆಯ ರುಚಿ ಅಷ್ಟಾದರೂ ಉಳಿದಿತ್ತು. ಎರಡೂ ಕೂಡಿದರೆ ಮಾತ್ರ ಹೆಸರು. ನಾನು ನಾಲಿಗೆಗೆ ಮುಟ್ಟಿಸಲು ಹೋದರೆ ಕೈಗೆ ಒಂದು ಏಟು ಬೀಳುತ್ತಿತ್ತು. "ಬಸುರಿ ಬಾಯಿಗೆ ಏನೇನೋ ಹಾಕ್ಕೋಬೇಡ. ಮೂಗು ನಿಂದು, ನಾಲಿಗೆ ನಂದು."

ಮೊದಲ ಗಂಟು ಮೂಸಿ, "ಒಣಗಿದ ಎಲೆ ವಾಸನೆ" ಎಂದೆ.

"ಎಲ್ಲಾನೂ ಒಣಗಿದ ಎಲೇನೇ, ಮಾರಾಯ್ತಿ. ಇನ್ನೊಂದ್ಸಲ ನೋಡು."

"ಘಮ್ಮಂತ ಚೆನ್ನಾಗಿದೆ."

"ಚೆನ್ನಾಗಿರೋದು ನಿಂಗೆ. ಸೊಪ್ಪಿಗೆ ಏನಿದೆ ಹೇಳು."

ನನಗೆ ತಲೆ ಕೆಟ್ಟುಹೋಯಿತು. ಮೂಗು ಎಲ್ಲವನ್ನೂ ಹಿಡಿಯುತ್ತಿತ್ತು, ಬಾಯಿಗೆ ಮಾತು ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಉಸಿರಾಡಿದ್ದೇನೆ, ಒಂದು ವಾಸನೆಯನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಹೇಳಬೇಕಾಗಿ ಬಂದದ್ದು ಅದೇ ಮೊದಲು. ಪುದೀನ ಸುಲಭವಾಗಿ ಸಿಕ್ಕಿತು. ಮೂಗಿನೊಳಗೆ ತಣ್ಣಗೆ ಗಾಳಿ ಹೋದ ಹಾಗಿದೆ ಎಂದೆ, ಅತ್ತೆ ತಕ್ಷಣ ಪಕ್ಕಕ್ಕಿಟ್ಟರು. ಇನ್ನೊಂದನ್ನು ಮೂಸಿ, "ಇದು ನಮ್ಮ ಅಂಗಡಿ ಕೆಮ್ಮಿನ ಸಿರಪ್ಪು" ಎಂದಾಗ, "ಸಿರಪ್ಪಿನೋರು ತುಳಸಿಯಿಂದ ಕದ್ದಿದ್ದಾರೆ ಅನ್ನು" ಎಂದು ಮೂಗು ಮುರಿದರು.

ಮೂರನೇ ದಿನದ ಹೊತ್ತಿಗೆ ನಾನು ಸ್ವಲ್ಪ ಪಳಗಿದ್ದೆ.

"ಬೀರುವಿನಲ್ಲಿ ಬೆಲ್ಲ ಇಟ್ಟು ಮರೆತುಬಿಟ್ಟ ಹಾಗಿದೆ. ಸಿಹಿ. ಅದರ ಹಿಂದೆ ಬೆವರು."

ಅತ್ತೆ ನಾಲಿಗೆಗೆ ಮುಟ್ಟಿಸಿದರು. "ಕಹಿ ಇದೆ. ಮೆಂತ್ಯ ಸೊಪ್ಪು. ಜಾಸ್ತಿ ತಿಂದೋರ ಬೆವರಲ್ಲೂ ಅದೇ ವಾಸನೆ ಬರುತ್ತೆ, ಗೊತ್ತಾ? ಬೆವರು ಅಂತ ಹೇಳಿದೆಯಲ್ಲ, ಭೇಷ್."

ಆ ಒಂದು ಭೇಷ್‌ಗೆ ನಾನು ಹಿಗ್ಗಿಹೋದೆ. ಕೆಲಸಕ್ಕೆ ಹೋದಾಗಲೂ ಅದೇ ಗುಂಗು. ಗಿರಾಕಿಗಳ ಕೊಡೆ, ಹೊಸ ನೋಟು, ಗಲ್ಲಾಪೆಟ್ಟಿಗೆಯ ಮರ, ಯಜಮಾನರ ತಲೆಯ ಎಣ್ಣೆ, ಸಿಕ್ಕಿದ್ದನ್ನೆಲ್ಲ ಮೂಸಿ ಅದಕ್ಕೊಂದು ಮಾತು ಹುಡುಕುತ್ತಿದ್ದೆ. ಯಜಮಾನರು ಒಂದು ದಿನ, "ಏನಮ್ಮ, ಬಸುರಿ ಬಯಕೆ ಅಂದ್ರೆ ಹೀಗೂ ಇರುತ್ತಾ?" ಎಂದು ದೂರ ಸರಿದು ನಿಂತರು.

ಸೀಬೆ ಚಿಗುರು ಹೊಸ ಚಪ್ಪಲಿಯ ಪೆಟ್ಟಿಗೆ ತೆರೆದ ಹಾಗೆ. ಸೋನಾಮುಖಿ ಖಾಲಿಯಾದ ಚಹಾಪುಡಿ ಡಬ್ಬಿಯ ತಳದ ಹಾಗೆ. ನುಗ್ಗೆ ಸೊಪ್ಪು ಆಗ ತಾನೇ ಕೊಯ್ದ ಹುಲ್ಲು, ಅದರೊಳಗೆ ಒಂದು ಎಳೆ ಖಾರ. ದೊಡ್ಡಪತ್ರೆಯನ್ನು ಓಮಕಾಳು ಎಂದು ಹಟ ಹಿಡಿದೆ. ಅತ್ತೆ ಅಲ್ಲವೆಂದರು, ನಾನು ಹೌದೆಂದೆ, ಊಟದ ಹೊತ್ತು ಮೀರಿತು. ಕೊನೆಗೆ ನನ್ನ ಗಂಡ ಹಿತ್ತಲಿನಿಂದ ದೊಡ್ಡಪತ್ರೆಯ ಒಂದು ಎಲೆ ಕಿತ್ತು ತಂದು ನನ್ನ ಮೂಗಿಗೆ ಹಿಡಿದ. ಸೋತೆ.

ಒಂದೊಂದು ಹೆಸರು ಸಿಕ್ಕಾಗಲೂ ಅತ್ತೆ ಅದರ ಚರಿತ್ರೆ ಬಿಚ್ಚುತ್ತಿದ್ದರು. ಯಾರಿಗೆ ಕೊಟ್ಟದ್ದು, ಯಾರು ಬಂದು ಏನೆಂದರು, ಯಾವುದು ಬರೀ ಬಾಯಿಮಾತು, ಯಾವುದು ಮತ್ತೆ ಮತ್ತೆ ನಿಜವಾದದ್ದು. ನಡುವೆ ಹಸಿ ಸೊಪ್ಪಿನ ಮಾತೂ ಬರುತ್ತಿತ್ತು. ಬಾಯಿಹುಣ್ಣಿಗೆ ಬಸಳೆ ಎಲೆ ಅಗಿದವರಲ್ಲಿ ಹೆಚ್ಚಿನವರು ಉರಿ ಇಳಿಯಿತು ಎಂದಿದ್ದರಂತೆ. ಆದರೆ ಒಂದು ಹುಣ್ಣು ಮೂರು ವಾರವಾದರೂ ಮಾಯದಿದ್ದಾಗ ಅತ್ತೆ ಆ ಮನುಷ್ಯನನ್ನು ಆಸ್ಪತ್ರೆಗೆ ಅಟ್ಟಿದ್ದರು. ಕೂದಲು ಉದುರುವುದಕ್ಕೆ ಕರಿಬೇವು ಕೊಂಡವರ ಸುದ್ದಿ ಮಾತ್ರ ಒಂದಕ್ಕೊಂದು ತಾಳೆಯಾಗಿಲ್ಲ. "ಬೋಳು ತಲೆಯೋರು ಸುಳ್ಳು ಜಾಸ್ತಿ ಹೇಳ್ತಾರೆ" ಎಂಬುದು ಅತ್ತೆಯ ತೀರ್ಮಾನ. ನಾನು ಅದನ್ನೆಲ್ಲ ಬರೆದುಕೊಂಡೆ, ಪ್ರತಿ ಗಂಟಿಗೂ ಚೀಟಿ ಹೊಲಿದೆ. ಚೀಟಿಯಲ್ಲಿ ಅಕ್ಷರದ ಪಕ್ಕ ಅತ್ತೆಗೆ ಗುರುತು ಸಿಗಲೆಂದು ಎಲೆಯ ಚಿತ್ರ ಬರೆದೆ. ನನ್ನ ಚಿತ್ರಗಳನ್ನು ನೋಡಿ ಅವರು, "ನುಗ್ಗೆ ಎಲೆ ಬರೀ ಅಂದ್ರೆ ಬಾಚಣಿಗೆ ಬರೆದಿದ್ದೀಯ" ಎಂದರು.

ಹನ್ನೆರಡು ದಿನಕ್ಕೆ ಇಪ್ಪತ್ತೇಳು ಗಂಟು ಮುಗಿದವು. ನಾಲ್ಕು ಉಳಿದವು. ಆ ನಾಲ್ಕರಲ್ಲಿ ನನ್ನ ಮೂಗೂ ಅವರ ನಾಲಿಗೆಯೂ ಏನು ಮಾಡಿದರೂ ಕೂಡಿಬರಲಿಲ್ಲ. ಒಂದರ ಬಗ್ಗೆ ನನಗೆ ಮುಕ್ಕಾಲು ಪಾಲು ಖಾತ್ರಿಯಿತ್ತು. ಒಂದೆಲಗವೇ ಇರಬೇಕು ಎಂದೆ.

"ಮುಕ್ಕಾಲು ಸಾಲಲ್ಲ," ಎಂದರು ಅತ್ತೆ. ನಾಲ್ಕನ್ನೂ ತೆಗೆದುಕೊಂಡು ಹೋಗಿ ತೊಟ್ಟಿಗೆ ಹಾಕಿ ಬಂದರು. ಈ ಸಲ ನಾನು ತಡೆಯಲಿಲ್ಲ, ಆದರೆ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಅಂಗಡಿ ತಿರುಗಿ ತೆರೆದ ದಿನ ಬಂದ ಪ್ರತಿಯೊಬ್ಬರಿಗೂ ಅತ್ತೆ ಮೊದಲು ಹೇಳಿದ್ದು ತಮ್ಮ ಮೂಗಿನ ಸುದ್ದಿಯನ್ನೇ. "ನಂಗೆ ವಾಸನೆ ಹೋಗಿದೆ. ಗಂಟು ಗುರುತು ಹಿಡಿದಿದ್ದು ಸೊಸೆ. ನಂಬಿಕೆ ಇದ್ರೆ ತಗೊಳ್ಳಿ." ಕೆಲವರು ಹಸಿ ಸೊಪ್ಪು ಮಾತ್ರ ಕೊಂಡು ಹೋದರು. ಕೆಲವರು ಬರುವುದನ್ನೇ ಬಿಟ್ಟರು. ಬಸ್ ಡ್ರೈವರ್ ಮಾತ್ರ ಎಲ್ಲರಿಗಿಂತ ಮೊದಲು ಬಂದ. "ಬೀಗ ತೆಗೀತು ಅಂತ ಹೇಳೋಕೆ ಬಂದೆ. ಸುದ್ದಿ ಬಾಕಿ ಇಟ್ಕೊಂಡ್ರೆ ನೀವು ಬಿಡ್ತೀರಾ?" ಎಂದು ಪುದೀನ ಕೊಂಡು ಹೋದ.

ವಾಸನೆಯ ಮೇಲಿನ ಆಸೆಯನ್ನು ಅತ್ತೆ ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಲವಂಗ, ನಿಂಬೆಸಿಪ್ಪೆ, ತುಳಸಿ, ಪುದೀನ ಸಾಲಾಗಿ ಇಟ್ಟುಕೊಂಡು ಒಂದೊಂದನ್ನೂ ಮೂಸುತ್ತಾ ಕೂರುತ್ತಿದ್ದರು. ಹಾಗೆ ಮಾಡಿ ನೋಡಿ ಎಂದು ಡಾಕ್ಟರೇ ಹೇಳಿದ್ದರು. ತಮ್ಮ ಕಡೆಯಿಂದ ದೊಡ್ಡಪತ್ರೆಯ ಹಬೆಯನ್ನೂ ತೆಗೆದುಕೊಂಡರು. ವಾರಕ್ಕೊಮ್ಮೆ ತಾವೇ ತಮಗೆ ಸುದ್ದಿ ಹೇಳಿಕೊಳ್ಳುವುದು ನನಗೆ ಕೇಳಿಸುತ್ತಿತ್ತು: "ಈ ವಾರಾನೂ ಇಲ್ಲ." ನನ್ನ ಹೊಟ್ಟೆ ಮುಂದೆ ಬಂದಷ್ಟೂ ಅವರ ದನಿ ಸಣ್ಣದಾಗುತ್ತಾ ಹೋಯಿತು. ಒಂಬತ್ತನೇ ತಿಂಗಳಿಗೆ ಕಾಲಿಟ್ಟ ಮೇಲೆ ಆ ಮಾತನ್ನು ಹೇಳುವುದನ್ನೇ ನಿಲ್ಲಿಸಿದರು. ದೇವರೇ, ಒಂದೇ ಒಂದು ವಾಸನೆ, ಒಂದೇ ಸಲ ಕೊಡು ಎಂದು ಬೇಡಿಕೊಂಡಿದ್ದೇನೆ.

ಹೆರಿಗೆಯಾದ ಮಧ್ಯಾಹ್ನ ವಾರ್ಡಿನ ಎಂಟು ಮಂಚಗಳಲ್ಲಿ ಕಿಟಕಿಯ ಪಕ್ಕದ್ದು ನನಗೆ ಸಿಕ್ಕಿತ್ತು. ಹೆಣ್ಣುಮಗು. ಅತ್ತೆ ಎರಡು ಸಲ ಸೋಪು ಹಚ್ಚಿ ಕೈತೊಳೆದು ಬಂದರು. ನರ್ಸ್ ಮಗುವನ್ನು ಅವರ ಕೈಗಿಟ್ಟಳು. ನನ್ನ ಗಂಡ ಬಿಸಿನೀರಿನ ಫ್ಲಾಸ್ಕ್ ಹಿಡಿದು ಪಕ್ಕದಲ್ಲಿ ನಿಂತಿದ್ದ. ಅತ್ತೆ ಕಣ್ಣು ಮುಚ್ಚಿ, ಮಗುವಿನ ನೆತ್ತಿಗೆ ಮೂಗು ತಾಗಿಸಿ, ದೀರ್ಘವಾಗಿ ಉಸಿರೆಳೆದುಕೊಂಡರು. ಇನ್ನೊಂದು ಸಲ ಎಳೆದುಕೊಂಡರು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಇಲ್ಲ," ಎಂದರು.

ಅವರು ಮಗುವನ್ನು ನನ್ನ ಮುಖದ ಹತ್ತಿರ ತಂದರು. "ನೀನು ಹೇಳು."

ನಾನು ಮೂಸಿದೆ. ನನಗೆ ಅಳು ಬರುತ್ತಿತ್ತು, ಆದರೆ ಅವರು ಕಾಯುತ್ತಿದ್ದರು.

"ನೆತ್ತಿ ಹತ್ರ ಬಿಸಿಲಲ್ಲಿ ಒಣಗಿದ ಹತ್ತಿ ಬಟ್ಟೆ, ಅತ್ತೆ. ಆಗ ತಾನೇ ಒಳಗೆ ತಂದಿದ್ದು, ಇನ್ನೂ ಬೆಚ್ಚಗಿದೆ. ಅದರೊಳಗೆ ಹಾಲು. ಕಾಯಿಸಿದ್ದಲ್ಲ, ಹಸಿ ಹಾಲು."

"ಹೂಂ."

"ಕತ್ತಿನ ಮಡಿಕೇಲಿ ಸ್ವಲ್ಪ ಉಪ್ಪು, ಸ್ವಲ್ಪ ಕಬ್ಬಿಣ. ಅದು ನನ್ನ ರಕ್ತದ್ದೂ ಇರಬಹುದು."

"ಕಿವಿ ಹಿಂದೆ ನೋಡು."

ಕಿವಿಯ ಹಿಂದೆ ಮೂಗಿಟ್ಟೆ. ಅಲ್ಲಿ ಬೇರೆಯೇ ಇತ್ತು. ಏನೆಂದು ಹುಡುಕಲು ಎರಡು ಸಲ ಉಸಿರೆಳೆಯಬೇಕಾಯಿತು. "ಸೌತೆಕಾಯಿ. ಸಿಪ್ಪೆ ತೆಗೆದ ತಕ್ಷಣ ಬರುತ್ತಲ್ಲ, ಆ ನೀರು ವಾಸನೆ. ತಣ್ಣಗಿದೆ."

ಅತ್ತೆ ಕಣ್ಣು ಮುಚ್ಚಿಕೊಂಡರು. ಅಡುಗೆಮನೆಯ ನೆಲದ ಮೇಲೆ ಗಂಟುಗಳ ನಡುವೆ ಕೂತು ಹೆಸರು ಹುಡುಕುವಾಗ ಮುಚ್ಚುತ್ತಿದ್ದ ಹಾಗೆಯೇ. ಪಕ್ಕದ ಮಂಚದವಳು ಹೊರಳಿ ನಮ್ಮ ಕಡೆ ನೋಡಿದಳು.

"ಗೊತ್ತಾಯ್ತು," ಎಂದು ಕಣ್ಣು ಬಿಟ್ಟರು. ಮಗನತ್ತ ತಿರುಗಿದರು. "ಇವನು. ಇವನು ಹುಟ್ಟಿದ ದಿನ ಹೀಗೇ ಇದ್ದ. ಕಿವಿ ಹಿಂದೆ ಸೌತೆಕಾಯಿ. ಮೂವತ್ತೆರಡು ವರ್ಷ ಆಯ್ತು, ಪೂರ್ತಿ ಮರೆತುಹೋಗಿತ್ತು ನಂಗೆ."

ನನ್ನ ಗಂಡ ಫ್ಲಾಸ್ಕನ್ನು ಕೆಳಗಿಟ್ಟು, ಏನು ಮಾಡುವುದೆಂದು ತೋಚದೆ, ತನ್ನ ಕಿವಿಯ ಹಿಂದೆ ಕೈಯಾಡಿಸಿಕೊಂಡ. ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅತ್ತೆ ಅಳಲಿಲ್ಲ. ಮಂಚದ ಅಂಚಿಗೆ ಸರಿದು ಕೂತು, ಮಗುವನ್ನು ಮಡಿಲಿಗೆ ಎಳೆದುಕೊಂಡು, ಅದರ ನೆತ್ತಿಗೆ ತಮ್ಮ ಮೂಗು ತಾಗಿಸಿಕೊಂಡೇ ಹೇಳಿದರು.

"ಇನ್ನೊಂದ್ಸಲ ಹೇಳು. ನೆತ್ತಿಯಿಂದ ಶುರು ಮಾಡು. ನಿಧಾನವಾಗಿ."